ಪುಟ್ಟನಂಜಮ್ಮನ ಹುಲ್ಲುಮೀಸೆ

ನಮ್ಮೂರಿನ ಚಿಗುರು ಯುವಕರ ಸಂಘದ ಅಧ್ಯಕ್ಷ ವೃಷಭೇಂದ್ರನಿಗೆ ಆಗ ನಲವತ್ತಾರು ವರ್ಷ. ಸಂಘ ಕಟ್ಟಿದಾಗ ನಿಜವಾಗಿಯೂ ಯುವಕನಾಗಿದ್ದ, ಆಮೇಲೆ ಆ ಕುರ್ಚಿಯಿಂದ ಇಳಿಯಲೇ ಇಲ್ಲ. ತಲೆಗೆ ಕಪ್ಪು ಬಳಿದುಕೊಂಡು, ಅಂಗಿಯೊಳಗೆ ಹೊಟ್ಟೆಯನ್ನು ಉಸಿರು ಕಟ್ಟಿ ಹಿಡಿದುಕೊಂಡು, ಪ್ರತಿ ಸಭೆಯಲ್ಲೂ "ನಮ್ಮಂಥ ಯುವಕರು" ಎಂದೇ ಮಾತು ಶುರು ಮಾಡುತ್ತಿದ್ದ. ಅವನ ಮಗಳು ಮದುವೆಯ ವಯಸ್ಸಿಗೆ ಬಂದಿದ್ದಳು. ಅದನ್ನು ಯಾರೂ ಅವನಿಗೆ ನೆನಪಿಸುವಂತಿರಲಿಲ್ಲ.

ನಾನು ಲೋಕೇಶ್ವರಿ, ಆ ಸಂಘದ ಕಾರ್ಯದರ್ಶಿ. ಯುವಕರ ಸಂಘಕ್ಕೆ ಹೆಂಗಸು ಕಾರ್ಯದರ್ಶಿ ಹೇಗಮ್ಮ ಎಂದು ಕೇಳುವವರು ಇವತ್ತಿಗೂ ಇದ್ದಾರೆ. ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಆಫೀಸಿನೊಳಗೆ ತಮಿಳು. ಎರಡನ್ನೂ ಎಲ್ಲರೂ ಮಾತಾಡುತ್ತಾರೆ, ಬರೆಯಿರಿ ಎಂದರೆ ಮಾತ್ರ ಒಬ್ಬೊಬ್ಬರಾಗಿ ಮೆಲ್ಲಗೆ ಎದ್ದು ಹೋಗುತ್ತಾರೆ. ರಸ್ತೆ ಬದಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದ ನನ್ನನ್ನು ಎಳೆದು ತಂದು ಕೂರಿಸಿದರು. ಕೆಲಸವೆಲ್ಲ ನನ್ನದು, ಸ್ಟೇಜಿನ ಮೇಲಿನ ಕುರ್ಚಿಯೆಲ್ಲ ಅವರದು. ಹೋಗಲಿ ಬಿಡಿ. ನಾನು ಹೇಳಬೇಕೆಂದಿರುವುದು ಪುಟ್ಟನಂಜಮ್ಮನ ಸಂಗತಿ. ಈ ಗಂಡಸರನ್ನು ಬಿಟ್ಟು ಅವಳ ಸಂಗತಿ ಹೇಳಲು ಬರುವುದಿಲ್ಲ, ಅದೇ ನನ್ನ ಸಂಕಟ.

೨೦೦೮ರ ಸಂಕ್ರಾಂತಿಗೆ ಸಂಘದ ವಾರ್ಷಿಕೋತ್ಸವ ಮಾಡುವುದೆಂದು ತೀರ್ಮಾನವಾಗಿತ್ತು. ವೃಷಭೇಂದ್ರ ಈರೋಡಿಗೆ ಹೋಗಿ ಯುವಜನರ ಕೆಲಸ ನೋಡುವ ಒಬ್ಬ ಆಫೀಸರನ್ನು ಮುಖ್ಯ ಅತಿಥಿಯಾಗಿ ಗೊತ್ತು ಮಾಡಿಕೊಂಡು ಬಂದ. ಬಂದವನೇ ನನ್ನ ಹೊಲಿಗೆ ಜಗುಲಿಯ ಮೇಲೆ ಕಮಿಟಿ ಸೇರಿಸಿದ.

"ಆಫೀಸರ್‌ಗ ಪ್ಲಾಸ್ಟಿಕ್ ಹಾರ ಆಗ್ದಂತ, ಸತ್ಯಮಂಗಲದಿಂದ ತರೋ ಶೀಲ್ಡೂ ಆಗ್ದಂತ. ಎಲ್ಲಾ ಕೈಲೇ ಮಾಡಿರ್ಬೇಕಂತ, ಕೈವಿನೈ" ಎಂದ. ಕೈವಿನೈ ಎಂದರೆ ತಮಿಳಿನಲ್ಲಿ ಕರಕುಶಲ. ಆ ಮಾತನ್ನು ಅವನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನೆಂದು ಕಾಣುತ್ತದೆ, ಸಭೆ ಮುಗಿಯುವಷ್ಟರಲ್ಲಿ ಎಲ್ಲರ ಕಿವಿಯಲ್ಲೂ ತುಂಬಿದ.

ಕೈಯಲ್ಲಿ ಏನು ಮಾಡುವುದು? ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು. ಅರಿಸಿನ ಕೀಳುವ ಕೈ, ಕೋಸಿಗೆ ಔಷಧಿ ಹೊಡೆಯುವ ಕೈ, ಇಸ್ಪೀಟೆಲೆ ಹಾಕುವ ಕೈ. ಸಂಘದಲ್ಲಿ ಕಲಾವಿದನೆಂದು ಹೆಸರು ಮಾಡಿದ್ದವನು ಮಧುಕುಮಾರ್ ಒಬ್ಬನೇ. ಅವನು ಬೆಂಕಿಕಡ್ಡಿಯಲ್ಲಿ ತಾಜಮಹಲ್ ಕಟ್ಟುತ್ತೇನೆ ಎಂದ. ಹಿಂದಿನ ವರ್ಷ ಅವನು ಥರ್ಮಕೋಲಿನಲ್ಲಿ ಭಾರತದ ನಕ್ಷೆ ಮಾಡಿ, ತಾಳವಾಡಿಯನ್ನು ಕರ್ನಾಟಕದ ಬಣ್ಣದೊಳಗೆ ಸೇರಿಸಿಬಿಟ್ಟಿದ್ದ. ಬಂದಿದ್ದ ಅತಿಥಿ ಊಟವನ್ನೂ ಮಾಡದೆ ಹೊರಟುಹೋಗಿದ್ದರು. ಆದ್ದರಿಂದ ತಾಜಮಹಲಿಗೆ ಯಾರೂ ಹ್ಞೂಂ ಎನ್ನಲಿಲ್ಲ.

"ನೀನು ಅದ್ನೂ ಕರ್ನಾಟಕಕ್ ಸೇರಿಸ್ಬುಟ್ಟಯ್ಯ ಕಣ, ಸುಮ್ನಿರು" ಎಂದೆ ನಾನು.

ಅವನಿಗೆ ಉರಿಯಿತು. ಆ ಉರಿಯಲ್ಲೇ ಬಾಯಿ ಬಿಟ್ಟ. "ಅಂಗಾರ ನಮ್ಮೂರ್ದು ಅನ್ನೋ ಕೈಕೆಲ್ಸ ಒಂದೇ ಇರದು. ಗುರುಸ್ವಾಮಣ್ಣನ ಉಲ್ಲಿನ ಮೀಸ. ಅದ್ನೇ ಮರದ್ ಅಲಗ ಮೇಲ ಅಂಟ್ಸಿ, ಚಿನ್ನದ್ ಕಾಗ್ದ ಸುತ್ತಿ ಎಲ್ಲಾರ್ಗೂ ಕೊಡದು."

ಅವನು ತಮಾಷೆಗೆ ಅಂದದ್ದು. ವೃಷಭೇಂದ್ರ ಎದ್ದು ನಿಂತು ಅವನ ಬೆನ್ನು ತಟ್ಟಿದ.

ಈ ಮೀಸೆಯ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ದೀಪಾವಳಿ ಮುಗಿದ ಮಾರನೆಯ ದಿನ ನಮ್ಮೂರಿನ ಗಂಡಸರು ಸಗಣಿಯ ಗುಡ್ಡೆ ಹಾಕಿಕೊಂಡು ಅದರಲ್ಲಿ ಹೊಡೆದಾಡುತ್ತಾರೆ. ಸಗಣಿ ಹಬ್ಬ. ಅದಕ್ಕೆ ಮುಂಚೆ ಒಬ್ಬನನ್ನು ಚಾಡಿಕೋರ ಅಂತ ಮಾಡಿ, ಹುಲ್ಲಿನ ಮೀಸೆ ಗಡ್ಡ ಕಟ್ಟಿ, ಕತ್ತೆಯ ಮೇಲೆ ಕೂರಿಸಿ ಊರು ಸುತ್ತಿಸುತ್ತಾರೆ. ಆ ಮೀಸೆ ಕಟ್ಟಿದವನನ್ನು ಯಾರು ಏನು ಬೇಕಾದರೂ ಬೈಯಬಹುದು. ಬೈಯಬಹುದು ಏನು, ಬೈಯಲೇಬೇಕು. ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಅವನ ಮುಖದ ಮೇಲೆ ಕಕ್ಕಿ, ಕೊನೆಗೆ ಮೀಸೆ ಸುಡುತ್ತಾರೆ. ಸುಟ್ಟ ಮೇಲೆ ಮುಗಿಯಿತು. ಅಲ್ಲಿ ಆಡಿದ್ದನ್ನು ಆಮೇಲೆ ಯಾರೂ ಎತ್ತುವಂತಿಲ್ಲ, ಎತ್ತಿದವನು ಊರಿಗೆ ತಪ್ಪುಗಾರ.

ಆ ಮೀಸೆ ಮಾಡುವ ಹಕ್ಕು ಗುರುಸ್ವಾಮಿಯ ಮನೆಯದು. ಅವನ ಅಪ್ಪ ಮಾಡುತ್ತಿದ್ದ, ತಾತ ಮಾಡುತ್ತಿದ್ದ. ಇದರಲ್ಲಿ ಒಂದು ಕಟ್ಟಳೆ ಇದೆ. ಹೆಂಗಸರು ಆ ಹುಲ್ಲು ಮುಟ್ಟಬಾರದು. ಮುಟ್ಟಿದರೆ ದನಕರು ಉಳಿಯುವುದಿಲ್ಲವಂತೆ. ಸಗಣಿ ಬಾಚುವವರು ಹೆಂಗಸರು, ಕೊಟ್ಟಿಗೆ ತೊಳೆಯುವವರು ಹೆಂಗಸರು, ಹಾಲು ಕರೆಯುವವರು ಹೆಂಗಸರು, ಹುಲ್ಲಿಗೆ ಮಾತ್ರ ನಮ್ಮ ಕೈ ಆಗದು. ಇಂಥ ಕಟ್ಟಳೆ ಮಾಡಿದವನು ಸಿಕ್ಕಿದ್ದರೆ ಅವನಿಗೂ ಒಂದು ಮೀಸೆ ಕಟ್ಟುತ್ತಿದ್ದೆ.

ಮೀಸೆ ಮಾಡಿಸಿಕೊಂಡು ಬರುವ ಕೆಲಸ ಕಾರ್ಯದರ್ಶಿಯ ತಲೆಗೆ ಬಿತ್ತು. ಮಾರನೆಯ ದಿನ ಮಧ್ಯಾಹ್ನ ನಾನು ಗುರುಸ್ವಾಮಿಯ ಮನೆಗೆ ಹೋದೆ. ಜಗುಲಿಯಲ್ಲಿ ಯಾರೂ ಇರಲಿಲ್ಲ. ಒಳಗೆ ಸರ್ಕಾರ ಕೊಟ್ಟ ಬಣ್ಣದ ಟಿ.ವಿ. ತನ್ನಷ್ಟಕ್ಕೆ ತಾನೇ ಅರಚಿಕೊಳ್ಳುತ್ತಿತ್ತು. ಕೂಗಿದರೆ ಕೇಳಿಸಲಿಲ್ಲವೆಂದು ಹಿತ್ತಿಲ ಕಡೆಗೆ ಹೋದೆ.

ಕೊಟ್ಟಿಗೆಯ ಗೋಡೆಗೆ ಒರಗಿ ಗುರುಸ್ವಾಮಿ ಕೂತಿದ್ದ. ಅವನೆದುರಿಗೆ ಪುಟ್ಟನಂಜಮ್ಮ ಕಾಲು ಚಾಚಿಕೊಂಡು, ಹಗ್ಗದ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಬಾದೆ ಹುಲ್ಲನ್ನು ತೊಡೆಯ ಮೇಲೆ ಹೊಸೆದು ಹೊಸೆದು ಹೆಣೆಯುತ್ತಿದ್ದಳು. ಗುರುಸ್ವಾಮಿ ಬಾಯಲ್ಲಿ "ಇನ್ನೂ ಬಿಗಿ, ಇನ್ನೂ ಬಿಗಿ" ಎನ್ನುತ್ತಿದ್ದ. ಅವನ ಎರಡೂ ಕೈ ಮಡಿಲಲ್ಲಿ ಇದ್ದವು, ಚಳಿ ಹತ್ತಿದಂತೆ ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು. ಹುರಿ ಹಗ್ಗವಿರಬೇಕು ಅಂದುಕೊಂಡೆ ಮೊದಲು. ಆಮೇಲೆ ನೋಡಿದರೆ ಎರಡು ತುದಿಯೂ ಮೇಲಕ್ಕೆ ತಿರುಗಿದ ಮೀಸೆ. ಕಮಿಟಿಯ ಸುದ್ದಿ ನನಗಿಂತ ಮೊದಲೇ ಆ ಮನೆ ಮುಟ್ಟಿತ್ತು.

ಪುಟ್ಟನಂಜಮ್ಮ ನನ್ನನ್ನು ನೋಡಿದಳು. ಆ ಹುಲ್ಲನ್ನು ಬಚ್ಚಿಡಲು ಹೋಗಲಿಲ್ಲ. "ಬಂದ್ಯಾ? ಕೂತ್ಕ. ಬಾಯ್ ಬುಟ್ಟಯ್ಯ ಅಂದ್ರ ನಿನ್ ನಾಲ್ಗನೂ ಇಂಗೇ ಎಣ್ದಾಕ್ತಿನಿ" ಎಂದಳು.

ಊರಿನಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ತಾಳಮಲೆಯ ಕಡೆಯಿಂದ ಮದುವೆಯಾಗಿ ಬಂದವಳು. ಕುಳ್ಳಿ, ಸೊಂಟದಲ್ಲಿ ಯಾವಾಗಲೂ ಕುಡುಗೋಲು, ಬಾಯಲ್ಲಿ ಯಾವಾಗಲೂ ಎಲೆಯಡಿಕೆ. ಕೋಳಿಯಿಂದ ಹಿಡಿದು ಸತ್ಯಮಂಗಲದ ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರನ್ನೂ ಒಂದೇ ರಾಗದಲ್ಲಿ ಬೈಯುತ್ತಿದ್ದಳು. ಅವಳ ಹೊಲದ ಹತ್ತಿರ ಸ್ಟಾಪಿಲ್ಲ. ಆದರೂ ಬಸ್ಸು ಅಲ್ಲಿ ನಿಲ್ಲುತ್ತಿತ್ತು, ಏಕೆಂದರೆ ನಿಲ್ಲಿಸದಿದ್ದ ದಿನ ಅವಳು ಆಡಿದ ಮಾತನ್ನು ಕೇಳಿ ಡ್ರೈವರು ಮೂರು ದಿನ ರಜೆ ಹಾಕಿದ್ದನಂತೆ. ಹೀಗಿದ್ದವಳು ಗಂಡನ ಮೀಸೆಯ ಮಾತು ಬಂದರೆ ಮಾತ್ರ ಸೆರಗು ಸರಿಮಾಡಿಕೊಂಡು "ಅದ್ ಅವ್ರ್ ಕೆಲ್ಸ, ನಂಗೇನ್ ಗೊತ್ತು" ಎನ್ನುತ್ತಿದ್ದಳು. ಇಷ್ಟು ದಿನ ನಾನೂ ಅದನ್ನು ನಂಬಿದ್ದೆ.

"ಎಷ್ಟ್ ವರ್ಸದಿಂದ?" ಎಂದೆ.

"ಇವ್ರ ಕೈಗ ನಡುಕ ಬಂದಾಗ್ನಿಂದ. ಅತ್ತು ವರ್ಸ ಮೇಲಾಯ್ತು."

"ಯಾಕ್ ಅತ್ತೆ, ಏಳ್ಬುಡದಲ್ವಾ ಊರ್ಗ? ಕೈಲಾಗ್ದು, ಬೇರೇರು ಮಾಡ್ಲಿ ಅಂತ?"

ಅವಳು ಗಂಡನ ಕಡೆ ನೋಡಲಿಲ್ಲ. ಹುಲ್ಲಿನ ಕಡೆ ನೋಡಿಕೊಂಡೇ ಹೇಳಿದಳು. "ಮೊದಲ್ನೇ ವರ್ಸ ಇವ್ರು ಇದೇ ಜಾಗದಲ್ಲಿ ಕೂತ್ಕಂಡು ಅತ್ರು. ಗಂಡ್ಸು ಅಳದ ನೋಡಕಾಗ್ದು ಕಣವ್ವ, ಒಂಥರಾ ಇರ್ತದ. ನಾನೇ ಉಲ್ಲ ಕಿತ್ಕಂಡಿ, ಎಣ್ದಿ. ಅಷ್ಟೇಯ."

ಗುರುಸ್ವಾಮಿಗೆ ಇದ್ದದ್ದು ಒಂದೂವರೆ ಎಕರೆ. ಊರ ಪಂಚಾಯಿತಿಯಲ್ಲಿ ಅವನ ಮಾತನ್ನು ಯಾರೂ ಕೇಳಿದವರಲ್ಲ. ವರ್ಷಕ್ಕೊಂದು ದಿನ ಮಾತ್ರ ಊರಿನ ಗಂಡಸರೆಲ್ಲ ತಮಟೆ ಹೊಡೆದುಕೊಂಡು ಅವನ ಬಾಗಿಲಿಗೆ ಬಂದು, ತೆಂಗಿನಕಾಯಿ ಕೊಟ್ಟು, "ಮೀಸ ಕೊಡು ಗುರುಸ್ವಾಮಣ್ಣ" ಎನ್ನುತ್ತಿದ್ದರು. ಆ ಒಂದು ದಿನಕ್ಕಾಗಿ ಅವಳು ಕಳ್ಳಿಯಂತೆ ಹಿತ್ತಿಲಲ್ಲಿ ಕೂತು ಹೆಣೆಯುತ್ತಿದ್ದಳು. ಗೊತ್ತಾದರೆ ಹಕ್ಕು ಬೇರೆ ಮನೆಗೆ ಹೋಗುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಈ ಹತ್ತು ವರ್ಷಗಳಲ್ಲಿ ಊರಿನಲ್ಲಿ ಸತ್ತ ಕರು, ಬತ್ತಿದ ಬಾವಿ, ಓಡಿಹೋದ ಹುಡುಗಿ, ಎಲ್ಲಕ್ಕೂ ಪುಟ್ಟನಂಜಮ್ಮನ ಕೈಯೇ ಕಾರಣ ಎಂದುಬಿಡುತ್ತಾರೆ. ನಮ್ಮೂರಿನವರಿಗೆ ಕಾರಣ ಸಿಕ್ಕಿದರೆ ಸಾಕು, ಸಾಯುವತನಕ ಬಿಡುವುದಿಲ್ಲ. ನಾನು ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟು, ಅತಿಥಿಗಳಿಗೆ ಬೇಕಾದ ಮೀಸೆಗಳನ್ನು ಹೆಣೆಯಲು ಹೇಳಿ ಬಂದೆ.

ಮೀಸೆಗಳು ಬಂದವು. ಒಂದಕ್ಕಿಂತ ಒಂದು ಮಿಂಚುತ್ತಿದ್ದವು. ಮಧುಕುಮಾರ್ ಅವನ್ನು ಹಲಗೆಗೆ ಅಂಟಿಸಿ, ಸುತ್ತ ಚಿನ್ನದ ಬಣ್ಣದ ಕಾಗದ ಹಚ್ಚಿ, ಕೆಳಗೆ "ಪ್ರೀತಿಯ ನೆನಪಿಗೆ" ಎಂದು ಎರಡೂ ಭಾಷೆಯಲ್ಲಿ ಬರೆಸಿದ. ಊರಿನ ಕಣ್ಣಿಗೆ ಬೈಗುಳ ತಿನ್ನಲು ಕಟ್ಟುವ ಮೀಸೆ ಅದು, ಅದನ್ನು ದೊಡ್ಡಮನುಷ್ಯರ ಕೈಗೆ ಕೊಡುವುದು ಸರಿಯೇ ಎಂದು ಕಮಿಟಿಯಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರಿಗೆ ಆಗಬೇಕು ಎಂದುಕೊಂಡೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ವೃಷಭೇಂದ್ರನಿಗೆ ಎಲ್ಲಿಂದ ಬುದ್ಧಿ ಹುಟ್ಟಿತೋ, ಆಮಂತ್ರಣ ಪತ್ರಿಕೆ ಅಚ್ಚಾದ ಮೇಲೆ ಬಂದು ಹೇಳಿದ. "ಗುರುಸ್ವಾಮಣ್ಣನ ಸ್ಟೇಜ್ ಮೇಲ ಕೂರಿಸ್ತೀವಿ. ಆಫೀಸರ್ ಮುಂದೇ ಮಾಡ್ ತೋರಿಸ್ಲಿ. ಪೊನ್ನಾಡೈ ಹೊದಿಸ್ತೀವಿ."

ಪೊನ್ನಾಡೈ ಎಂದರೆ ಜರಿಶಾಲು, ಈರೋಡಿನ ಕಡೆ ಯಾವ ಸಭೆಯೂ ಅದಿಲ್ಲದೆ ನಡೆಯುವುದಿಲ್ಲ. "ವಯಸ್ಸಾಗದ, ಬ್ಯಾಡ ಬುಡಣ್ಣ, ನಾಚ್ಕತನ" ಎಂದೆ.

"ನಿಂಗ್ಯಾಕ ಒಟ್ಟಕಿಚ್ಚು?" ಎಂದು ಅವನು ಎದ್ದು ಹೋದ. ಯುವಕನಲ್ಲವೇ, ರಕ್ತ ಬಿಸಿ.

ಗುರುಸ್ವಾಮಿಯ ಮನೆಯ ಹಿತ್ತಿಲಲ್ಲಿ ಮೂವರೂ ಕೂತು ಯೋಚನೆ ಮಾಡಿದೆವು. ಬರುವುದಿಲ್ಲ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಕಾಯಿಲೆ ಎಂದರೆ ಊರೇ ನೋಡಲು ಬರುತ್ತದೆ. ಗುರುಸ್ವಾಮಿ ನಡುಗುವ ಕೈಯನ್ನು ಮಂಡಿಯ ಕೆಳಗೆ ತುರುಕಿಕೊಂಡು ಕೂತಿದ್ದ. ಕೊನೆಗೆ ಪುಟ್ಟನಂಜಮ್ಮನೇ ಒಂದು ದಾರಿ ಹೇಳಿದಳು. ಮುಕ್ಕಾಲು ಹೆಣೆದ ಮೀಸೆಯನ್ನು ಅವನ ಮುಂದೆ ಇಡುವುದು. ಅವನು ಸುಮ್ಮನೆ ಹಿಡಿದುಕೊಂಡು, ತುದಿ ಎಳೆದಂತೆ ಮಾಡಿ, ಮೇಲಕ್ಕೆತ್ತಿ ತೋರಿಸುವುದು. ನಾನು ಮೈಕಿನಲ್ಲಿ ಜೋರಾಗಿ ಮಾತಾಡಿ ಜನರ ಗಮನ ಬೇರೆ ಕಡೆ ತಿರುಗಿಸುವುದು.

"ಎತ್ತಿಡಿಯದ್ನಾರೂ ಮಾಡ್ತಿಯೇನಪ್ಪ?" ಎಂದಳು ಗಂಡನಿಗೆ.

"ಮಾಡ್ತಿನಿ ಏಯ್" ಎಂದ ಅವನು.

ವಾರ್ಷಿಕೋತ್ಸವದ ದಿನ ಬೆಳಗ್ಗೆ ಹತ್ತಕ್ಕೆಲ್ಲ ಬಯಲಿನಲ್ಲಿ ಪೆಂಡಾಲು ತುಂಬಿತ್ತು. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ಫ್ಲೆಕ್ಸಿನಲ್ಲಿ ವೃಷಭೇಂದ್ರನ ಇಪ್ಪತ್ತು ವರ್ಷ ಹಿಂದಿನ ಫೋಟೊ ಇತ್ತು, ಅವನು ಪಕ್ಕದಲ್ಲಿ ನಿಂತರೆ ಫೋಟೊದಲ್ಲಿದ್ದವನು ಅವನ ಮಗನೇನೋ ಅನ್ನಿಸುತ್ತಿತ್ತು. ಆಫೀಸರು ಬಂದರು. ಒಳ್ಳೆಯ ಮನುಷ್ಯ, ಸಣಕಲು, ನೋಡಿದ್ದಕ್ಕೆಲ್ಲ ಖುಷಿಪಡುವ ಸ್ವಭಾವ. ಅವರಿಗೆ ಕನ್ನಡ ಬರುತ್ತಿರಲಿಲ್ಲ, ನಮಗೆಲ್ಲ ತಮಿಳು ಬರುತ್ತಿತ್ತು. ಆದ್ದರಿಂದ ನಮ್ಮ ಮಾತನ್ನು ಅವರಿಂದ ಮುಚ್ಚಿಡಬಹುದಿತ್ತು, ಅವರ ಮಾತನ್ನು ಊರಿನಿಂದ ಮುಚ್ಚಿಡುವಂತಿರಲಿಲ್ಲ. ನನ್ನನ್ನು ಅವರ ಪಕ್ಕದಲ್ಲಿ ನಿಲ್ಲಿಸಿದ್ದರು, ಕನ್ನಡವನ್ನು ತಮಿಳು ಮಾಡಿ ಹೇಳಲು.

ಮೊದಲು ಅತಿಥಿಗಳಿಗೆ ಮೀಸೆ ಕೊಟ್ಟರು. ಆಫೀಸರು ಹಲಗೆಯನ್ನು ಎದೆಗೆ ಹಿಡಿದುಕೊಂಡು ಫೋಟೊಗೆ ನಿಂತರು. ಅಷ್ಟೊತ್ತಿಗೆ ಗಂಡಸರ ಕಡೆ ಏನೋ ಗುಜುಗುಜು ಶುರುವಾಯಿತು. ಆ ಮೀಸೆ ಕಂಡರೆ ಬಾಯಿ ತನ್ನಷ್ಟಕ್ಕೆ ತಾನೇ ತೆರೆಯುವ ಅಭ್ಯಾಸ ನಮ್ಮೂರಿನವರಿಗೆ ಹುಟ್ಟಿನಿಂದ ಬಂದದ್ದು. ತುಟಿ ಕಚ್ಚಿಕೊಂಡವರೆಷ್ಟೋ, ಟವೆಲ್ ಬಾಯಿಗೆ ತುರುಕಿಕೊಂಡವರೆಷ್ಟೋ. ಹಿಂದಿನ ಸಾಲಿನ ಒಬ್ಬ ಮುದುಕಪ್ಪನಿಗೆ ಮಾತ್ರ ತಡೆಯಲಾಗಲಿಲ್ಲ. ಆಫೀಸರ ಅಮ್ಮನನ್ನು ನೆನೆದು ಒಂದು ಮಾತು ಅಂದೇಬಿಟ್ಟ. ವೃಷಭೇಂದ್ರನ ಮುಖ ಸುಣ್ಣದಂತಾಯಿತು. ತಾವು ಹಂಚಿದ್ದು ಏನು ಎಂಬುದು ಅವನಿಗೆ ಆಗ ಹೊಳೆಯಿತು.

"ಎನ್ನ ಸೊಲ್ರಾರ್?" ಎಂದು ಆಫೀಸರು ನನ್ನನ್ನು ಕೇಳಿದರು, ಏನು ಹೇಳುತ್ತಿದ್ದಾರೆ ಎಂದು.

"ನಿಮ್ಮ ತಾಯಿಯವರು ಕ್ಷೇಮವೇ ಎಂದು ಕೇಳುತ್ತಿದ್ದಾರೆ ಸಾರ್" ಎಂದೆ ತಮಿಳಿನಲ್ಲಿ. ಅವರು ಮುದುಕಪ್ಪನಿಗೆ ಕೈ ಮುಗಿದರು.

ಆಮೇಲೆ ಗುರುಸ್ವಾಮಿಯನ್ನು ಕರೆದರು. ಬಿಳಿ ಪಂಚೆ ಉಟ್ಟು, ತಲೆಗೆ ರುಮಾಲು ಸುತ್ತಿಕೊಂಡು ಬಂದ. ಚಾಪೆಯ ಮೇಲೆ ಕೂರಿಸಿ ಪೊನ್ನಾಡೈ ಹೊದಿಸಿದರು. ಶಾಲಿನೊಳಗೆ ಕೈ ಅಡಗಿತು, ನನಗೆ ಅರ್ಧ ಜೀವ ಬಂತು. ಮುಕ್ಕಾಲು ಹೆಣೆದ ಮೀಸೆಯನ್ನೂ ಒಂದು ಹಿಡಿ ಹುಲ್ಲನ್ನೂ ಮಧುಕುಮಾರ್ ಅವನ ಮುಂದಿಟ್ಟ, ನಾನು ಮೈಕ್ ಹಿಡಿದು ನಮ್ಮೂರಿನ ಹಿರಿಮೆ, ಕಾಡಿನ ಹುಲ್ಲಿನ ಹಿರಿಮೆ, ಬಾಯಿಗೆ ಬಂದ ಹಿರಿಮೆಯನ್ನೆಲ್ಲ ಊದತೊಡಗಿದೆ.

ಆಫೀಸರು ಅದನ್ನೆಲ್ಲ ಕೇಳಿಸಿಕೊಳ್ಳಲಿಲ್ಲ. ಕುರ್ಚಿಯಿಂದ ಇಳಿದು, ಚಾಪೆಯ ಮೇಲೆ ಗುರುಸ್ವಾಮಿಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. ಹೆಣೆದಿದ್ದನ್ನು ಪಕ್ಕಕ್ಕೆ ಸರಿಸಿ, ಬರೀ ಹುಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಅವನಿಗೆ ಕೊಟ್ಟು, ಮೊದಲಿನಿಂದ ಮಾಡಿ ತೋರಿಸಿ ಅಯ್ಯಾ, ನಾನು ಕಲಿಯಬೇಕು ಎಂದರು. ತಮಿಳಿನಲ್ಲಿ ಹೇಳಿದ್ದು ಊರಿಗೆಲ್ಲ ತಿಳಿಯಿತು.

ಗುರುಸ್ವಾಮಿ ಕೈ ಹೊರಗೆ ತೆಗೆದ. ಹುಲ್ಲು ಹಿಡಿದ. ಹಿಡಿದ ಹುಲ್ಲು ನಡುಗಿ ನಡುಗಿ ಒಂದೊಂದೇ ಎಳೆ ಚಾಪೆಯ ಮೇಲೆ ಉದುರಿತು. ಬಗ್ಗಿ ಆರಿಸಿಕೊಂಡ, ಮತ್ತೆ ಉದುರಿತು. ಮೂರನೆಯ ಸಲ ಆರಿಸಿಕೊಳ್ಳಲು ಬಗ್ಗಿದವನು ತಲೆ ಎತ್ತಲಿಲ್ಲ. ಆ ಹೊತ್ತಿಗೆ ನನಗೆ ಆ ವೃಷಭೇಂದ್ರನನ್ನು ಹಿಡಿದು ಬಾರಿಸಬೇಕು ಅನ್ನಿಸಿತು.

"ಇದ್ಯಾವ್ ಕೈಲಾ?" ಎಂದ ಗಂಡಸರ ಕಡೆಯಿಂದ ಒಬ್ಬ. "ಈ ಕೈಲಿ ಓದ್ ದೀವಳ್ಗೇಲಿ ಮೀಸ ಮಾಡ್ದನಾ?"

"ಅಂಗಾರ ಯಾರ್ ಮಾಡ್ತಿದ್ರು?" ಎಂದ ಇನ್ನೊಬ್ಬ.

ಗುರುಸ್ವಾಮಿ ತಲೆ ಎತ್ತಿ ಹೆಂಗಸರ ಕಡೆ ನೋಡಿದ. ಪಾಪ, ಇನ್ನೆಲ್ಲಿ ನೋಡಬೇಕು. ಊರಿನ ಕಣ್ಣೆಲ್ಲ ಆ ಕಡೆಗೆ ತಿರುಗಿತು.

ಪುಟ್ಟನಂಜಮ್ಮ ಎದ್ದಳು. ಬಾಯಲ್ಲಿದ್ದ ಎಲೆಯಡಿಕೆಯನ್ನು ಪೆಂಡಾಲಿನ ಹೊರಗೆ ಉಗಿದು, ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು ಸ್ಟೇಜು ಹತ್ತಿದಳು. ಗಂಡನ ಪಕ್ಕದಲ್ಲಿ ಕೂತು, ಕಾಲು ಚಾಚಿ, ಹುಲ್ಲನ್ನು ಬೆರಳಿಗೆ ಸಿಕ್ಕಿಸಿಕೊಂಡು ಹೆಣೆಯಲು ಶುರು ಮಾಡಿದಳು. ಕೈ ಹೋಗುವ ಹದ ನೋಡಿದವರಿಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಆಫೀಸರೊಬ್ಬರು ಮಾತ್ರ ಬಾಯಿ ತೆರೆದುಕೊಂಡು "ಅಡಡಾ, ಅಡಡಾ" ಎನ್ನುತ್ತಿದ್ದರು.

ವೃಷಭೇಂದ್ರ ನನ್ನ ಕೈಯಿಂದ ಮೈಕ್ ಕಿತ್ತುಕೊಂಡ. "ಎಂಗುಸ್ರು ಮುಟ್ಟಂಗಿಲ್ಲ ಆ ಉಲ್ಲ. ಇದೇನ್ ನಂಜವ್ವ, ಊರ್ ಕಟ್ಳ ಅಲ್ವಾ?"

ಅವಳು ಕೊನೆಯ ಗಂಟು ಹಾಕಿ ಎದ್ದು ನಿಂತಳು. "ಇವತ್ ಮುಟ್ಟದ್ದಲ್ಲ ಕಣಪ್ಪ ವೃಷಭೇಂದ್ರಪ್ಪ. ಇವ್ರ್ ಕೈ ಓದಾಗ್ನಿಂದ ನಿಮ್ ಅಬ್ಬದ ಮೀಸ ಎಲ್ಲಾ ನಂದೇ. ನೀನು ಓದ್ ದೀವಳ್ಗೇಲಿ ಮುತ್ತಿಟ್ಟು ಕಣ್ಗ ಒತ್ಕಂಡದ್ದೂ ನಂದೇ."

ಗಂಡಸರ ಕಡೆ ಸದ್ದೆದ್ದಿತು. ಕರು ಎಂದರು, ಶಾಪ ಎಂದರು, ಹಕ್ಕು ಕಿತ್ತುಕೊಳ್ಳಬೇಕು ಎಂದರು. ಅವಳು ಕಾಯಲಿಲ್ಲ. ಆ ಮೀಸೆಯನ್ನು ತನ್ನ ಮುಖಕ್ಕೆ ಕಟ್ಟಿಕೊಂಡು, ಹಿಂದೆ ಗಂಟು ಬಿಗಿದು, ಸ್ಟೇಜಿನ ಅಂಚಿಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಮೀಸ ಕಟ್ಟಿದವ್ರ ಎದ್ರಿಗೇ ಬೈದ್ ಮುಗಿಸ್ಬೇಕು, ಸುಟ್ ಮೇಲ ಮಾತೆತ್ಬಾರ್ದು. ನಿಮ್ದೇ ಕಟ್ಳ ಅಲ್ವಾ? ಕಟ್ಟಿಂವ್ನಿ. ಈಗ ಬೈರಿ. ಕರ ಸತ್ತದ್ದು, ಬಾವಿ ಬತ್ತದ್ದು, ಎಲ್ಲಾ ಆಕಿ ಬೈರಿ. ಬಾಕಿ ಇಟ್ಕಂಡು ನಾಳ ನನ್ ಬಾಗಿಲ್ಗ ಬರ್ಬ್ಯಾಡಿ."

ಹಬ್ಬದ ದಿನ ಆಕಾಶ ಬೀಳುವಂತೆ ಕೂಗುವ ಗಂಡಸರು ಒಬ್ಬರೂ ಬಾಯಿ ತೆಗೆಯಲಿಲ್ಲ. ಎದುರಿಗೆ ಆಫೀಸರು, ಮೀಸೆಯೊಳಗೆ ಹೆಂಗಸು, ಅದೂ ಪುಟ್ಟನಂಜಮ್ಮ. ಯಾರೂ ಬೈಯದಿದ್ದರೆ ಕಟ್ಟಳೆ ಪೂರೈಸುವುದಿಲ್ಲ, ಮೀಸೆ ಸುಡುವಂತಿಲ್ಲ. ಮಾತು ಹಾಗೇ ಉಳಿದು, ನಾಳೆಯಿಂದ ಊರು ಅವಳನ್ನು ಬಾವಿ ಕಟ್ಟೆಯಲ್ಲಿ, ಹಾಲಿನ ಡೈರಿಯಲ್ಲಿ, ಸಂದುಗೊಂದುಗಳಲ್ಲಿ ನಿಧಾನವಾಗಿ ಅಗಿದು ತಿನ್ನುತ್ತದೆ. ಅವಳಿಗೂ ಅದು ಗೊತ್ತಾಯಿತು. ಮೀಸೆಯ ಮೇಲಿನ ಕಣ್ಣು ಮೊದಲ ಸಲ ಅಳುಕಿದ್ದನ್ನು ನಾನು ನೋಡಿದೆ.

ಆಗ ಗುರುಸ್ವಾಮಿ ಚಾಪೆಯಿಂದ ಎದ್ದ. ವೃಷಭೇಂದ್ರನ ಕೈಯಲ್ಲಿದ್ದ ಮೈಕಿಗೆ ಕೈ ಹಾಕಿದ. ಹಿಡಿಯಲು ಆಗುತ್ತಿರಲಿಲ್ಲ, ಎರಡೂ ಕೈಯಲ್ಲಿ ತಬ್ಬಿಕೊಂಡ. ಮೈಕು ಅವನ ಗಲ್ಲಕ್ಕೆ ಬಡಿದು ಟಕಟಕ ಎನ್ನುತ್ತಿತ್ತು.

"ಪುಟ್ಟನಂಜಿ" ಎಂದ. "ಕಳ್ ಮುಂಡೆ ಪುಟ್ಟನಂಜಿ."

ಗಂಡ ಬದುಕಿರುವಾಗಲೇ ಹೆಂಡತಿಯನ್ನು ಮುಂಡೆ ಎಂದರೆ ಸಾಯುವವನು ಅವನೇ. ಆ ಲೆಕ್ಕ ನಮ್ಮ ಕಡೆ ಗಂಡಸರು ಯಾವತ್ತೂ ಹಾಕಿದವರಲ್ಲ.

"ನನ್ ಕೈಯ ಕದ್ಕಂಡಲ್ಲೇ ಪುಟ್ಟನಂಜಿ. ಕದ್ಕಂಡು ನನ್ ಎಸ್ರಲ್ಲೇ ಊರ್ಗ ಕೊಟ್ಟಲ್ಲೇ. ನಾನ್ ಜಗಲೀಲಿ ಕೂತ್ಕಂಡು ಕಾಯಿ ಇಸ್ಕಂಡಿ, ನೀನ್ ಕೊಟ್ಗೇಲಿ ಕೂತ್ಕಂಡಿ. ನಿನ್ ಮನ ಆಳಾಗ. ನನ್ನಿಂದ ಇನ್ನೊಂದ್ ಮೀಸ ಆಗಕಿಲ್ಲ, ಅದ್ನೂ ನೀನೇ ಎಣಿ, ಕಳ್ ಮುಂಡೆ." ಅಷ್ಟು ಹೇಳಿ ಅಳತೊಡಗಿದ. ಮೈಕು ಅದನ್ನೂ ಊರಿಗೆಲ್ಲ ಕೇಳಿಸಿತು.

ಆಮೇಲೆ ಹಿಂದಿನ ಸಾಲಿನ ಆ ಮುದುಕಪ್ಪ ಎದ್ದ. ತಡೆದುಕೊಂಡು ಸಾಕಾಗಿತ್ತೋ ಏನೋ, ಪುಟ್ಟನಂಜಮ್ಮನ ತಾಳಮಲೆಯ ತವರಿನಿಂದ ಶುರು ಮಾಡಿ ಏಳು ತಲೆಮಾರಿಗೆ ಸೇರುವಂತೆ ಬೈದ. ಅವನ ಹಿಂದೆಯೇ ಇನ್ನೊಬ್ಬ ಬೈದ. ಆಮೇಲೆ ಕಟ್ಟೆ ಒಡೆಯಿತು. ಗಂಡಸರೆಲ್ಲ ಎದ್ದು ನಿಂತು, ನಗುತ್ತ, ಕೇಕೆ ಹಾಕುತ್ತ ಬೈದರು. ಬಸ್ಸಿನ ಸ್ಟಾಪಿನ ವಿಷಯಕ್ಕೆ ಬೈದರು, ಅವಳ ಎಮ್ಮೆ ಹೊಲ ನುಗ್ಗಿದ್ದಕ್ಕೆ ಬೈದರು, ಸತ್ತ ಕರುವಿನ ಲೆಕ್ಕಕ್ಕೂ ಬೈದರು. ಮೀಸೆ ಮುಟ್ಟಲು ಎಂದೂ ಹಕ್ಕಿಲ್ಲದಿದ್ದ ಹೆಂಗಸರೂ ಎದ್ದರು. ಅವರು ಬೈದದ್ದನ್ನು ಕೇಳಿ ಗಂಡಸರೇ ಕಿವಿ ಮುಚ್ಚಿಕೊಂಡರು. ನನ್ನ ಪಾಲಿನದನ್ನು ನಾನೂ ಬೈದೆ, ಯಾವತ್ತೂ ಅಷ್ಟು ಹಗುರಾಗಿರಲಿಲ್ಲ.

ಆಫೀಸರು ನನ್ನ ಕಡೆ ತಿರುಗಿದರು. "ವಾಳ್ತುಕ್ಕಳ್ ಸಾರ್" ಎಂದೆ, ಹಾರೈಸುತ್ತಿದ್ದಾರೆ ಎಂದು. ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೊನೆಗೆ ಭಾಷಣ ಮಾಡುವಾಗ, ಇವತ್ತು ಕಲಿತ ಒಂದು ಕನ್ನಡ ಮಾತಿನಿಂದ ಸಂಘದ ಅಧ್ಯಕ್ಷರನ್ನು ಹರಸುತ್ತೇನೆ ಎಂದು ಹೇಳಿ, ಅದನ್ನು ಸ್ಪಷ್ಟವಾಗಿ ಉಚ್ಚರಿಸಿದರು. ಯಾವ ಮಾತೆಂದು ಇಲ್ಲಿ ಬರೆಯುವುದಿಲ್ಲ. ವೃಷಭೇಂದ್ರ ಎದ್ದು ನಿಂತು ಸ್ವೀಕರಿಸಿದ, ಬೇರೆ ದಾರಿ ಇರಲಿಲ್ಲ.

ಬೈದು ಎಲ್ಲರ ಗಂಟಲೂ ಒಣಗಿದ ಮೇಲೆ ಮೀಸೆ ಸುಟ್ಟರು. ಕಟ್ಟಳೆಯಂತೆ ವೃಷಭೇಂದ್ರನೇ ಬೆಂಕಿ ಹಚ್ಚಿದ. ಹಕ್ಕು ಕಿತ್ತುಕೊಳ್ಳಬೇಕು ಎಂದಿದ್ದವನ ಮುಖ ನೋಡಿದೆ, ಅವನು ಅನ್ನ ಸಾಂಬಾರಿನ ಕಡೆ ನಡೆಯುತ್ತಿದ್ದ. ಆಮೇಲೆ ಅದನ್ನು ಯಾರೂ ಎತ್ತಲಿಲ್ಲ, ಎತ್ತುವಂತೆಯೂ ಇರಲಿಲ್ಲ.

ಊಟಕ್ಕೆ ಕರೆಯಲು ಹೋದರೆ ಪುಟ್ಟನಂಜಮ್ಮ ಸ್ಟೇಜಿನ ಹಿಂದೆ ಒಬ್ಬಳೇ ಕೂತಿದ್ದಳು. ತುಟಿಯ ಮೇಲೆ ಹುಲ್ಲು ಒತ್ತಿದ ಕೆಂಪು ಗುರುತು ಇತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಹತ್ತಿರ ಕೂತು ಬೆನ್ನ ಮೇಲೆ ಕೈ ಇಟ್ಟೆ. "ನೊಂದ್ಕಬ್ಯಾಡ ಅತ್ತೆ, ಬೈಗಳ ಎಲ್ಲಾ ಬೆಂಕೀಲಿ ಓಯ್ತು" ಎಂದೆ.

"ಬೈಗಳ ಯಾರ್ ಕೇಳಿಸ್ಕಂಡರು" ಎಂದಳು. ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಮದ್ವ ಆದಾಗ್ನಿಂದ ಇವ್ರ್ಗ ನಾನು ಏಯ್, ಇವ್ಳೇ, ಅಷ್ಟೇ ಕಣವ್ವ. ಇವತ್ ಪುಟ್ಟನಂಜಿ ಅಂತ ಎಸ್ರಿಡ್ದು ಕರ್ದ್ರು. ಅದೂ ಮೈಕಲ್ಲಿ."